ಲಿಬರೇಟರ್ ಬಾಂಬರ್ ಮಾಡೆಲ್ ಕಟ್ಟುವುದು ಹೇಗೆ: ಡಬ್ಬಿ ತೆರೆಯುವುದರಿಂದ ಡೆಕಾಲ್ ಅಂಟಿಸುವವರೆಗೆ

ಪ್ಲಾಸ್ಟಿಕ್ ಮಾಡೆಲ್ ಕಟ್ಟುವ ಓದುಗರು ನನ್ನನ್ನು ಮತ್ತೆ ಮತ್ತೆ ಕೇಳುವುದು ಮೂರು ಪ್ರಶ್ನೆ. "ಸಣ್ಣ ಫೈಟರ್ ವಿಮಾನ ಎರಡು ಮೂರು ಕಟ್ಟಿದ್ದೇನೆ, ದೊಡ್ಡ ಬಾಂಬರ್‌ಗೆ ಕೈ ಹಾಕಬಹುದಾ?" "ಬಾಂಬರ್ ಕಟ್ಟಿದೆ, ಆದರೆ ಮೂಗು ಮೇಲೆತ್ತಿ ಬಾಲದ ಮೇಲೆ ಕುಳಿತುಬಿಡುತ್ತದೆ, ಏನು ಮಾಡಲಿ?" "ಬೆಳ್ಳಿ ಬಣ್ಣ ಹೊಡೆದ ಮೇಲೆ ಎಲ್ಲ ಜೋಡಣೆಯೂ ಎದ್ದು ಕಾಣುತ್ತಿದೆ, ಯಾಕೆ?" ಮೂರಕ್ಕೂ ಒಂದೇ ವಿಮಾನ ಇಟ್ಟುಕೊಂಡು ಉತ್ತರ ಕೊಡುತ್ತೇನೆ. ಅದು ಬಿ-24 ಲಿಬರೇಟರ್.

ಈ ವಿಮಾನವನ್ನೇ ಆರಿಸಲು ನನಗೆ ಕಾರಣ ಇದೆ. ಲಿಬರೇಟರ್ ಅಮೆರಿಕದ್ದು. ಮೊದಲ ಸಲ ಹಾರಿದ್ದು 1939ರ ಡಿಸೆಂಬರ್ 29ರಂದು. ಯುದ್ಧ ಮುಗಿಯುವ ಹೊತ್ತಿಗೆ 18 ಸಾವಿರಕ್ಕೂ ಹೆಚ್ಚು ತಯಾರಾಗಿದ್ದವು. ಅದರಲ್ಲಿ ಒಂದಷ್ಟು ನಮ್ಮ ಬೆಂಗಳೂರಿನ ಕೈಯಲ್ಲಿ ಎರಡನೇ ಸಲ ಹುಟ್ಟಿದವು. ಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಹಾಳುಗೆಡವಿ ಬಿಟ್ಟುಹೋದ ಲಿಬರೇಟರ್‌ಗಳನ್ನು ಹಿಂದುಸ್ತಾನ್ ಏರ್‌ಕ್ರಾಫ್ಟ್‌ನವರು, ಅಂದರೆ ಇವತ್ತಿನ ಎಚ್‌ಎಎಲ್‌ನವರು, ಅಲ್ಲೇ ಹಾರುವಷ್ಟರ ಮಟ್ಟಿಗೆ ರಿಪೇರಿ ಮಾಡಿದರು. ಟೆಸ್ಟ್ ಪೈಲಟ್ ಜಮ್ಶೆದ್ ಮುನ್ಷಿ ಅವುಗಳನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ದುರಸ್ತಿಯಾಗಿ, 1948ರ ನವೆಂಬರ್‌ನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್‌ಗೆ ಸೇರಿದವು. ಆಮೇಲೆ 6ನೇ ಸ್ಕ್ವಾಡ್ರನ್ನಿನಲ್ಲಿ ಸಮುದ್ರ ಕಾವಲು ಕಾದು, 1968ರಲ್ಲಿ ನಿವೃತ್ತಿಯಾದವು. ಹಾಗಾಗಿ ಈ ಲೇಖನದಲ್ಲಿ ಕಟ್ಟುವುದು ಭಾರತೀಯ ವಾಯುಪಡೆಯ ಬೆಳ್ಳಿ ಮೈಯ ಲಿಬರೇಟರ್.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಬೆಳ್ಳಿ ಬಣ್ಣ ಯಾವ ತಪ್ಪನ್ನೂ ಮುಚ್ಚುವುದಿಲ್ಲ. ಹಸಿರು ಬಣ್ಣದ ಕೆಳಗೆ ಅಡಗುವ ಸಣ್ಣ ಗೀರು ಬೆಳ್ಳಿಯ ಕೆಳಗೆ ಎರಡು ಪಟ್ಟು ದೊಡ್ಡದಾಗಿ ಕಾಣುತ್ತದೆ. ಮುಂದಿನ ಪ್ರತಿ ಹಂತವನ್ನೂ ಕೊನೆಯ ಆ ಬೆಳ್ಳಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ.

ಯಾವ ಕಿಟ್ ತಗೊಳ್ಳಬೇಕು?

ಕಿಟ್ ಅಂದರೆ ಬಿಡಿಭಾಗ, ಡೆಕಾಲ್ (ಮೈಮೇಲೆ ಅಂಟಿಸುವ ಗುರುತಿನ ತೆಳು ಚಿತ್ರ), ಸೂಚನೆ ಪುಸ್ತಕ ಎಲ್ಲ ಇರುವ ಡಬ್ಬಿ. ಮೊದಲು ಸ್ಕೇಲ್ ನಿರ್ಧರಿಸಿ. 1/72 ಅಂದರೆ ನಿಜವಾದ ವಿಮಾನದ ಎಪ್ಪತ್ತೆರಡರಲ್ಲಿ ಒಂದು ಪಾಲು. ಆರಡಿ ಮನುಷ್ಯ ಒಂದು ಇಂಚು ಆಗುತ್ತಾನೆ. ಲಿಬರೇಟರ್ ರೆಕ್ಕೆಯ ತುದಿಯಿಂದ ತುದಿಗೆ 33.5 ಮೀಟರ್. 1/72ರಲ್ಲಿ ಅದು ಸುಮಾರು 46 ಸೆಂಟಿಮೀಟರ್ ಆಗುತ್ತದೆ. 1/48ರಲ್ಲಿ 70 ಸೆಂಟಿಮೀಟರ್. ಡಬ್ಬಿ ಕೊಳ್ಳುವ ಮೊದಲು ಮನೆಯ ಶೆಲ್ಫ್ ಅಳತೆ ತೆಗೆಯಿರಿ. ಸುಮ್ನೆ ಹೇಳುತ್ತಿಲ್ಲ, ಮಾಡೆಲ್ ಕಟ್ಟಿ ಮುಗಿಸಿ ಇಡಲು ಜಾಗ ಇಲ್ಲದೆ ಅಟ್ಟಕ್ಕೆ ಹಾಕಿದವರು ತುಂಬಾ ಜನ. ಮೊದಲ ಬಾಂಬರ್‌ಗೆ 1/72 ಸರಿಯಾದ ಗಾತ್ರ.

1/72ರಲ್ಲಿ ಹಸೆಗಾವಾ ಕಂಪನಿಯ ಕಿಟ್‌ನ ಅಚ್ಚು ಚೊಕ್ಕ, ಆದರೆ ಬೆಲೆ ಜಾಸ್ತಿ. ಅಕಾಡೆಮಿಯದ್ದು ಅದಕ್ಕಿಂತ ಅಗ್ಗ, ಸ್ವಲ್ಪ ಹೆಚ್ಚು ಕೆಲಸ ಬೇಡುತ್ತದೆ. ಏರ್‌ಫಿಕ್ಸ್‌ನ ಹಳೆಯ ಕಿಟ್ 1963ರ ಅಚ್ಚು. ಅದರಲ್ಲಿ ಮೈಮೇಲಿನ ಗೆರೆಗಳು ಉಬ್ಬಿಕೊಂಡಿವೆ. ಉಜ್ಜಿದರೆ ಅಳಿಸಿಹೋಗುತ್ತವೆ. ಬೆಳ್ಳಿ ಮೈ ಮಾಡಬೇಕಾದರೆ ಗೆರೆಗಳು ಒಳಗೆ ಕೊರೆದಂತಿರುವ ಕಿಟ್ ಬೇಕು.

ಇಲ್ಲಿ ಎಡವುವವರು ಬಹಳ. ಡಬ್ಬಿಯ ಮೇಲೆ "ಬಿ-24ಡಿ" ಅಂತ ಇದ್ದರೆ ಬಿಟ್ಟುಬಿಡಿ. ಡಿ ಮಾದರಿಯ ಮೂಗು ಪೂರ್ತಿ ಗಾಜಿನದು. ನಮಗೆ ಬೇಕಿರುವುದು ಬಿ-24ಜೆ. ಅದರ ಮೂಗಿನ ತುದಿಯಲ್ಲಿ ಟರೆಟ್ ಇದೆ. ಟರೆಟ್ ಅಂದರೆ ಬಂದೂಕು ಕೂರಿಸಿದ, ತಿರುಗುವ ಗಾಜಿನ ಗುಮ್ಮಟ. ಡಿ ಕಿಟ್ ತಂದು ಜೆ ಮಾಡುವುದು ಹೊಸಬರ ಕೆಲಸ ಅಲ್ಲ.

ಏನೇನು ಬೇಕು?

ನಿಪ್ಪರ್, ಅಂದರೆ ಬಿಡಿಭಾಗ ಕತ್ತರಿಸುವ ಚಪ್ಪಟೆ ಬಾಯಿಯ ಸಣ್ಣ ಕಟಿಂಗ್ ಪ್ಲೇಯರ್. ಹರಿತವಾದ ಹಾಬಿ ಕಟರ್. ಚೂಪು ತುದಿಯ ಟ್ವೀಜರ್. ನೀರಿನಲ್ಲಿ ಅದ್ದಿ ಉಜ್ಜುವ ವಾಟರ್ ಪೇಪರ್: 400, 600, 1000, 2000 ನಂಬರಿನವು. ಇವು ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತವೆ, ಕಾರಿಗೆ ಪೇಂಟ್ ಮಾಡುವವರ ಅಂಗಡಿಯಲ್ಲಿ 2000 ಖಂಡಿತ ಇರುತ್ತದೆ. ಮಾಸ್ಕಿಂಗ್ ಟೇಪ್, ಹಲ್ಲುಕಡ್ಡಿ, ಬಟ್ಟೆ ಕ್ಲಿಪ್, ರಬ್ಬರ್ ಬ್ಯಾಂಡ್ ಮನೆಯಲ್ಲೇ ಇರುತ್ತವೆ.

ಅಂಟು ಮೂರು ಬಗೆಯದು ಬೇಕು, ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಮೊದಲನೆಯದು ಪ್ಲಾಸ್ಟಿಕ್ ಸಿಮೆಂಟ್. ಇದು ಪ್ಲಾಸ್ಟಿಕ್ಕನ್ನೇ ಸ್ವಲ್ಪ ಕರಗಿಸಿ ಎರಡು ಭಾಗಗಳನ್ನು ಬೆಸೆಯುತ್ತದೆ. ನೀರಿನಂತೆ ತೆಳು ಇರುವುದನ್ನೇ ತಗೊಳ್ಳಿ, ಟಮಿಯಾದ ಎಕ್ಸ್‌ಟ್ರಾ ಥಿನ್ ಒಳ್ಳೆಯದು. ಎರಡನೆಯದು ಫೆವಿಕ್ವಿಕ್ ತರಹದ ಸೂಪರ್ ಗ್ಲೂ. ಮೂರನೆಯದು ಫೆವಿಕಾಲ್, ಗಾಜಿನ ಭಾಗಗಳಿಗೆ. ಇವುಗಳ ಜೊತೆ ಒಂದು ಪ್ಯಾಕೆಟ್ ಎಂ-ಸೀಲ್ ಇಟ್ಟುಕೊಳ್ಳಿ.

ಸಿಮೆಂಟ್, ಥಿನ್ನರ್, ಸ್ಪ್ರೇ ಡಬ್ಬಿ ಎಲ್ಲ ಬೆಂಕಿ ಹಿಡಿಯುವ ವಸ್ತು. ಹೊರದೇಶದಿಂದ ಅಂಚೆಯಲ್ಲಿ ತರಿಸಲು ಹೋದರೆ ಪಾರ್ಸೆಲ್ ಅರ್ಧದಲ್ಲೇ ನಿಲ್ಲುತ್ತದೆ. ಇವನ್ನು ದೇಶದೊಳಗಿನ ಹಾಬಿ ಅಂಗಡಿಗಳಿಂದಲೇ ತರಿಸಿ. ಕೆಲಸ ಮಾಡುವಾಗ ಕಿಟಕಿ ತೆರೆದಿರಲಿ. ಸ್ಪ್ರೇ ಹೊಡೆಯುವಾಗ ಬಟ್ಟೆಯ ಮಾಸ್ಕ್ ಸಾಲದು. ಪೇಂಟ್ ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಹಾಕಿ. ಮನೆಯಲ್ಲಿ ಮಕ್ಕಳಿದ್ದರೆ ಕಟರ್‌ಗೂ ಅಂಟಿಗೂ ಬೀಗ ಇರುವ ಡಬ್ಬಿ ಬೇಕು.

ಹಂತ 1: ತೊಳೆಯಿರಿ, ಎಣಿಸಿ, ಫೋಟೋ ಹುಡುಕಿ

ಬಿಡಿಭಾಗಗಳು ಪ್ಲಾಸ್ಟಿಕ್ ಕಡ್ಡಿಯ ಚೌಕಟ್ಟಿಗೆ ಅಂಟಿಕೊಂಡೇ ಬರುತ್ತವೆ. ಇದನ್ನು ಸ್ಪ್ರೂ ಅನ್ನುತ್ತಾರೆ. ಅಚ್ಚಿನಿಂದ ಸುಲಭವಾಗಿ ಬಿಡಲಿ ಅಂತ ಕಾರ್ಖಾನೆಯಲ್ಲಿ ಬಳಸುವ ಜಿಡ್ಡು ಅದರ ಮೇಲೆ ಉಳಿದಿರಬಹುದು. ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ ತೊಳೆದು, ನೆರಳಿನಲ್ಲಿ ಒಣಗಿಸಿ. ಸಿಂಕ್‌ನ ತೂತಿಗೆ ಜಾಲರಿ ಹಾಕಿಕೊಳ್ಳಿ, ಸಣ್ಣ ಭಾಗ ಕಳಚಿ ಬಿದ್ದರೆ ಸಿಗುವುದಿಲ್ಲ.

ಭಾಗಗಳನ್ನು ಸೂಚನೆ ಪುಸ್ತಕದ ಪಟ್ಟಿಯ ಜೊತೆ ಎಣಿಸಿ ನೋಡಿ. ಆಮೇಲೆ ನೀವು ಕಟ್ಟುವ ನಿರ್ದಿಷ್ಟ ವಿಮಾನದ ಫೋಟೋ ಹುಡುಕಿ. ವಾಯುಪಡೆಯ ಲಿಬರೇಟರ್‌ಗಳ ನಂಬರ್ 'ಎಚ್‌ಇ' ಅಕ್ಷರಗಳಿಂದ ಶುರುವಾಗುತ್ತವೆ. ದೆಹಲಿಯ ಪಾಲಂ ವಾಯುಪಡೆ ಸಂಗ್ರಹಾಲಯದಲ್ಲಿ ಒಂದು ಲಿಬರೇಟರ್ ಇದೆ. ಬ್ರಿಟನ್ನಿನ ಆರ್‌ಎಎಫ್ ಮ್ಯೂಸಿಯಂ, ಅಮೆರಿಕದ ಅರಿಜೋನಾದ ಪೀಮಾ ಮ್ಯೂಸಿಯಂ, ಕೆನಡಾದ ಒಟ್ಟಾವಾದ ವಿಮಾನ ಸಂಗ್ರಹಾಲಯಗಳಲ್ಲಿ ಇರುವವೂ ಒಂದು ಕಾಲದಲ್ಲಿ ನಮ್ಮ ವಾಯುಪಡೆಯಲ್ಲಿ ಹಾರಿದವೇ. ಹೊರದೇಶಗಳಲ್ಲಿ ಇರುವವಕ್ಕೆ ಹಳೆಯ ಅಮೆರಿಕನ್ ಅಥವಾ ಬ್ರಿಟಿಷ್ ಬಣ್ಣ ಹೊಡೆದಿರಬಹುದು. ಆದ್ದರಿಂದ ಚಕ್ರ, ಇಂಜಿನ್, ಒಳಭಾಗಕ್ಕೆ ಅವನ್ನು ನೋಡಿ. ಬಣ್ಣ ಮತ್ತು ಗುರುತಿಗೆ ವಾಯುಪಡೆಯ ದಿನಗಳ ಹಳೆಯ ಫೋಟೋವನ್ನೇ ನಂಬಿ. ಯಾವ ಟರೆಟ್ ಇದೆ, ಯಾವುದು ಇಲ್ಲ ಅನ್ನುವುದನ್ನೂ ಆ ಫೋಟೋದಲ್ಲೇ ನೋಡಿ ಬರೆದಿಟ್ಟುಕೊಳ್ಳಿ.

ಹಂತ 2: ಕತ್ತರಿಸುವುದು

ಭಾಗವನ್ನು ಕೈಯಿಂದ ತಿರುಚಿ ಕೀಳಬೇಡಿ. ನಿಪ್ಪರ್ ಅನ್ನು ಭಾಗದಿಂದ ಎರಡು ಮಿಲಿಮೀಟರ್ ದೂರ ಇಟ್ಟು ಮೊದಲು ಕತ್ತರಿಸಿ. ಉಳಿದ ಗುಬುಟನ್ನು ಕಟರ್‌ನಿಂದ ತೆಳುವಾಗಿ ಹೆರೆದು, 600 ಪೇಪರ್‌ನಿಂದ ಉಜ್ಜಿ. ಒಂದೇ ಏಟಿಗೆ ಒತ್ತಿ ಕತ್ತರಿಸಿದರೆ ಆ ಜಾಗ ಬೆಳ್ಳಗಾಗಿ, ಸಣ್ಣ ಗುಳಿ ಬೀಳುತ್ತದೆ. ಬೆಳ್ಳಿ ಬಣ್ಣದ ಕೆಳಗೆ ಆ ಗುಳಿ ಕಂಡೇ ಕಾಣುತ್ತದೆ.

ಆ ದಿನ ಅಂಟಿಸುವುದನ್ನು ಮಾತ್ರ ಕತ್ತರಿಸಿ. ಎಲ್ಲವನ್ನೂ ಕತ್ತರಿಸಿ ತಟ್ಟೆಯಲ್ಲಿ ಹಾಕಿಕೊಂಡರೆ ನಂಬರ್ ಮರೆತುಹೋಗುತ್ತದೆ. ನಾಲ್ಕು ಇಂಜಿನ್ ಇರುವ ವಿಮಾನದಲ್ಲಿ ಒಂದೇ ತರಹ ಕಾಣುವ, ಆದರೆ ಎಡ ಬಲ ಬೇರೆಯಾದ ಭಾಗಗಳು ಬಹಳ.

ಹಂತ 3: ಒಳಭಾಗ

ಇಲ್ಲಿ ಹೆಚ್ಚು ಹೊತ್ತು ಕಳೆಯಬೇಡಿ. ದೇಹ ಮುಚ್ಚಿದ ಮೇಲೆ ಕಾಣುವುದು ಕಾಕ್‌ಪಿಟ್ ಮತ್ತು ಟರೆಟ್‌ಗಳ ಒಳಗು ಮಾತ್ರ. ಪಕ್ಕದ ಕಿಟಕಿಗಳನ್ನು ತೆರೆದಿಟ್ಟರೆ ಹಿಂಭಾಗವೂ ಸ್ವಲ್ಪ ಕಾಣುತ್ತದೆ. ಕಾಕ್‌ಪಿಟ್‌ಗೆ ಕಡುಹಸಿರು. ಬಾಂಬ್ ಇಡುವ ಹೊಟ್ಟೆಗೂ ಹಿಂಭಾಗಕ್ಕೂ ಅಲ್ಯೂಮಿನಿಯಂ ಬಣ್ಣ. ಸೀಟಿಗೆ ಬೆಲ್ಟ್ ಬೇಕು ಅನ್ನಿಸಿದರೆ ಮಾಸ್ಕಿಂಗ್ ಟೇಪನ್ನು ಸಣ್ಣ ಪಟ್ಟಿ ಕತ್ತರಿಸಿ ಅಂಟಿಸಿ, ಸಾಕು.

ಬಾಂಬ್ ಬಾಗಿಲು ತೆರೆದಿಡುವುದೋ ಮುಚ್ಚುವುದೋ ಈಗಲೇ ನಿರ್ಧರಿಸಿ. ಲಿಬರೇಟರ್‌ನ ಬಾಗಿಲು ಬೇರೆ ಬಾಂಬರ್‌ಗಳಂತೆ ಕೆಳಗೆ ಜೋತುಬೀಳುವುದಿಲ್ಲ. ಅಂಗಡಿಯ ರೋಲಿಂಗ್ ಶಟರ್ ತರಹ ದೇಹದ ಪಕ್ಕದ ಮೇಲೆ ಸರಿದು ಹತ್ತುತ್ತದೆ. ಮೊದಲ ಸಲ ಕಟ್ಟುವವರು ಮುಚ್ಚಿಟ್ಟರೆ ದೇಹ ಗಟ್ಟಿಯಾಗಿರುತ್ತದೆ, ಕೆಲಸವೂ ಅರ್ಧ ಕಡಿಮೆ.

ಹಂತ 4: ಮೂಗಿಗೆ ತೂಕ

ಈ ಹಂತಕ್ಕಾಗಿಯೇ ಲೇಖನ ಓದುತ್ತಿರುವವರು ಇದ್ದೀರಿ ಅಂತ ಗೊತ್ತು. ಲಿಬರೇಟರ್ ನಿಲ್ಲುವುದು ಮೂಗಿನ ಕೆಳಗಿನ ಒಂದು ಚಕ್ರ ಮತ್ತು ರೆಕ್ಕೆಯ ಕೆಳಗಿನ ಎರಡು ದೊಡ್ಡ ಚಕ್ರಗಳ ಮೇಲೆ. ನಿಜವಾದ ವಿಮಾನದಲ್ಲಿ ಇಂಜಿನ್‌ಗಳ ಭಾರ ಮುಂದಿರುತ್ತದೆ. ಮಾಡೆಲ್‌ನಲ್ಲಿ ಇಂಜಿನ್ ಬರೀ ಪ್ಲಾಸ್ಟಿಕ್ ಬಿಲ್ಲೆ. ಹಿಂದೆ ಉದ್ದ ದೇಹ, ಎರಡು ದೊಡ್ಡ ಬಾಲದ ಫಲಕ, ಟರೆಟ್ ಎಲ್ಲ ಇದ್ದು ಹಿಂಭಾಗವೇ ಭಾರ. ನನ್ನ ಮೊದಲ ಲಿಬರೇಟರ್‌ನಲ್ಲಿ ಅಂದಾಜಿನ ಮೇಲೆ ತೂಕ ಹಾಕಿ ದೇಹ ಮುಚ್ಚಿದ್ದೆ. ಬಣ್ಣ, ಡೆಕಾಲ್ ಎಲ್ಲ ಮುಗಿದ ಮೇಲೆ ಚಕ್ರದ ಮೇಲೆ ನಿಲ್ಲಿಸಿದರೆ ಬಾಲಕ್ಕೆ ಬಿತ್ತು. ಆಗ ಒಳಗೆ ತೂಕ ಸೇರಿಸಲು ದಾರಿಯೇ ಇರಲಿಲ್ಲ. ಅಂದಿನಿಂದ ಅಂದಾಜು ಬಿಟ್ಟೆ, ಅಳೆದೇ ಹಾಕುತ್ತೇನೆ.

ಅಳೆಯುವುದು ಹೀಗೆ. ದೇಹದ ಎರಡು ಅರ್ಧ, ರೆಕ್ಕೆ, ಬಾಲ, ಇಂಜಿನ್ ಗೂಡು, ಟರೆಟ್ ಎಲ್ಲವನ್ನೂ ಅಂಟಿಲ್ಲದೆ ಟೇಪ್ ಹಾಕಿ ಜೋಡಿಸಿ. ದೊಡ್ಡ ಚಕ್ರಗಳ ಅಚ್ಚು ರೆಕ್ಕೆಯ ಕೆಳಗೆ ಎಲ್ಲಿ ಬರುತ್ತದೆ ಅಂತ ಸೂಚನೆ ಪುಸ್ತಕ ನೋಡಿ ಪೆನ್ಸಿಲ್ ಗುರುತು ಹಾಕಿ. ಆ ಎರಡು ಗುರುತುಗಳ ಕೆಳಗೆ ಬೆರಳ ತುದಿ ಇಟ್ಟು ವಿಮಾನವನ್ನು ಎತ್ತಿ. ಬಾಲ ಕೆಳಗೆ ಹೋಗುತ್ತದೆ. ಈಗ ತೂಕ ಕೂರಿಸಬೇಕಾದ ಜಾಗದ ನೇರ ಹೊರಗೆ ಒಂದು ಸಣ್ಣ ಪ್ಲಾಸ್ಟಿಕ್ ಕೊಟ್ಟೆ ಅಂಟಿಸಿ, ಅದರೊಳಗೆ ತೂಕ ಹಾಕುತ್ತಾ ಹೋಗಿ. ಮೂಗು ತಾನೇ ಕೆಳಗೆ ಬರುವ ತನಕ ಹಾಕಿ, ಆಮೇಲೆ ಅದರ ನಾಲ್ಕನೇ ಒಂದು ಪಾಲು ಇನ್ನೂ ಸೇರಿಸಿ. ಪುಟ್ಟಿ, ಬಣ್ಣದ ಭಾರ ಆಮೇಲೆ ಹಿಂಭಾಗಕ್ಕೂ ಸೇರುತ್ತದೆ ಅಲ್ವಾ, ಅದಕ್ಕೆ. ಕೊಟ್ಟೆಯನ್ನು ಮೂಗಿನ ತುದಿಗೆ ಕಟ್ಟಿ ಅಳೆದು, ತೂಕವನ್ನು ಕಾಕ್‌ಪಿಟ್ ಹಿಂದೆ ಕೂರಿಸಿದರೆ ಲೆಕ್ಕ ತಪ್ಪುತ್ತದೆ. ಚಕ್ರದಿಂದ ಎಷ್ಟು ಮುಂದೆ ಇಟ್ಟರೆ ಅಷ್ಟು ಕಡಿಮೆ ಸಾಕು, ಹಿಂದೆ ಬಂದಷ್ಟೂ ಜಾಸ್ತಿ ಬೇಕು. ತಕ್ಕಡಿಯ ದಂಡದ ಲೆಕ್ಕವೇ ಇದು.

ಎಲ್ಲಿ ಇಡುವುದು? ಕಾಕ್‌ಪಿಟ್ ನೆಲದ ಕೆಳಗೆ, ಮೂಗಿನ ಚಕ್ರದ ಗೂಡಿನ ಎರಡು ಪಕ್ಕ, ಕಾಕ್‌ಪಿಟ್‌ನ ಹಿಂಗೋಡೆಯ ಹಿಂದೆ. ಸಾಲದಿದ್ದರೆ ನಾಲ್ಕು ಇಂಜಿನ್ ಗೂಡುಗಳೊಳಗೆ ತುಂಬಿ. ಅವು ರೆಕ್ಕೆಗಿಂತ ಮುಂದೆ ಚಾಚಿಕೊಂಡಿರುವುದರಿಂದ ಅಲ್ಲಿನ ತೂಕವೂ ಮೂಗನ್ನೇ ಇಳಿಸುತ್ತದೆ. ಇದು ಎಷ್ಟೋ ಜನಕ್ಕೆ ಹೊಳೆಯುವುದಿಲ್ಲ.

ತೂಕಕ್ಕೆ ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡು ಬಳಸುವವರಿದ್ದಾರೆ. ನಾನು ಸೈಕಲ್ ಅಂಗಡಿಯ ಬೇರಿಂಗ್ ಗುಂಡುಗಳನ್ನು ಬಳಸುತ್ತೇನೆ. ಸೀಸವೇ ಬೇಕಾದರೆ ಎರಡು ಎಚ್ಚರಿಕೆ. ಮುಟ್ಟಿದ ಮೇಲೆ ಸೋಪ್ ಹಾಕಿ ಕೈ ತೊಳೆಯಿರಿ. ಅದನ್ನು ಫೆವಿಕಾಲ್‌ನಿಂದ ಮಾತ್ರ ಕೂರಿಸಬೇಡಿ. ಬಿಳಿ ಅಂಟಿನ ಜೊತೆ ಸೀಸ ನಿಧಾನವಾಗಿ ತುಕ್ಕು ಹಿಡಿದು ಉಬ್ಬುತ್ತದೆ, ಕೆಲವು ವರ್ಷ ಕಳೆದ ಮೇಲೆ ಮುಗಿದ ಮಾಡೆಲ್‌ನ ದೇಹವೇ ಸೀಳುತ್ತದೆ. ಸೀಸ ಇರಲಿ, ಬೇರಿಂಗ್ ಇರಲಿ, ಎಂ-ಸೀಲ್ ಕಲಸಿ ಅದರಲ್ಲಿ ಹುದುಗಿಸಿ ಒತ್ತಿ. ಸಡಿಲ ಬಿಟ್ಟರೆ ಒಂದು ದಿನ ಕಳಚಿಕೊಂಡು ಒಳಗೆ ಗಿಲಕಿಯ ಹಾಗೆ ಸದ್ದು ಮಾಡುತ್ತದೆ.

ಹಂತ 5: ದೇಹ ಮುಚ್ಚುವುದು

ಅಂಟು ಹಾಕುವ ಮುಂಚೆ ಎರಡು ಅರ್ಧಗಳನ್ನು ಒಣದಾಗಿ ಜೋಡಿಸಿ ನೋಡಿ. ಇದಕ್ಕೆ ಡ್ರೈ ಫಿಟ್ ಅನ್ನುತ್ತಾರೆ. ಎಲ್ಲೋ ಒಂದು ಕಡೆ ಬಾಯಿ ಬಿಟ್ಟರೆ ಒಳಗಿನ ಯಾವುದೋ ಭಾಗ ಅಥವಾ ನೀವು ತುಂಬಿದ ತೂಕ ಅಡ್ಡ ಬರುತ್ತಿದೆ ಅಂತ ಅರ್ಥ. ಅದನ್ನು ಕೆರೆದು ಸರಿಮಾಡಿ. ಬಲವಂತವಾಗಿ ಒತ್ತಿ ಅಂಟಿಸಿದ ಜೋಡಣೆ ತಿಂಗಳೊಪ್ಪತ್ತಿನಲ್ಲಿ ಬಿರುಕು ಬಿಡುತ್ತದೆ.

ಸರಿಯಾಗಿ ಕೂತ ಮೇಲೆ ಮೂಗಿನಿಂದ ಶುರು ಮಾಡಿ ಎರಡು ಮೂರು ಇಂಚು ಮಾತ್ರ ಅಂಟಿಸಿ. ತೆಳು ಸಿಮೆಂಟಿನಲ್ಲಿ ಅದ್ದಿದ ಬ್ರಷ್ ತುದಿಯನ್ನು ಜೋಡಣೆಯ ಗೆರೆಗೆ ತಾಗಿಸಿದರೆ ಸಾಕು, ಅಂಟು ತಾನೇ ಗೆರೆಯುದ್ದಕ್ಕೂ ಓಡುತ್ತದೆ. ಅರ್ಧ ನಿಮಿಷ ಬಿಟ್ಟು ಎರಡು ಕಡೆಯಿಂದ ಮೆಲ್ಲಗೆ ಒತ್ತಿ. ಕರಗಿದ ಪ್ಲಾಸ್ಟಿಕ್ ದಾರದ ಎಳೆಯಂತೆ ಗೆರೆಯ ಮೇಲೆ ಉಬ್ಬಿ ಬರಬೇಕು. ಅದೇ ಆಮೇಲೆ ಪುಟ್ಟಿಯ ಕೆಲಸ ಮಾಡುತ್ತದೆ. ಒರೆಸಬೇಡಿ. ಬೆರಳು ಗೆರೆಯ ಮೇಲೆ ಇದ್ದರೆ ಅಂಟು ಬೆರಳಿನ ಕೆಳಗೂ ನುಗ್ಗಿ, ನಿಮ್ಮ ಬೆರಳಚ್ಚು ಪ್ಲಾಸ್ಟಿಕ್ ಮೇಲೆ ಶಾಶ್ವತವಾಗಿ ಉಳಿಯುತ್ತದೆ. ಟೇಪ್ ಹಾಕಿ ಎರಡು ದಿನ ಮುಟ್ಟದೆ ಇಡಿ.

ಹಂತ 6: ರೆಕ್ಕೆ ಮತ್ತು ಬಾಲ

ಲಿಬರೇಟರ್‌ನ ಅಂದ ಇರುವುದೇ ಅದರ ರೆಕ್ಕೆಯಲ್ಲಿ. ಉದ್ದ, ಅಗಲ ಕಡಿಮೆ, ದೇಹದ ಮೇಲ್ಭಾಗಕ್ಕೆ ಸೇರಿಕೊಂಡಿದೆ. ಇದಕ್ಕೆ ಡೇವಿಸ್ ರೆಕ್ಕೆ ಅನ್ನುತ್ತಾರೆ. ಇಷ್ಟು ಉದ್ದದ ರೆಕ್ಕೆ ಅರ್ಧ ಡಿಗ್ರಿ ವಾಲಿದರೂ ತುದಿಯಲ್ಲಿ ಎದ್ದು ಕಾಣುತ್ತದೆ.

ರೆಕ್ಕೆ ತುದಿಯ ಕಡೆಗೆ ಸ್ವಲ್ಪ ಮೇಲೆ ಏರುತ್ತದೆ. ಎರಡು ತುದಿಯೂ ಮೇಜಿನಿಂದ ಒಂದೇ ಎತ್ತರದಲ್ಲಿರಬೇಕು. ಒಂದೇ ದಪ್ಪದ ಪುಸ್ತಕಗಳನ್ನು ಎರಡು ತುದಿಯ ಕೆಳಗೆ ಪೇರಿಸಿ, ಸ್ಕೇಲ್‌ನಿಂದ ಅಳೆದು, ಅಂಟು ಒಣಗುವ ತನಕ ಹಾಗೇ ಬಿಡಿ. ಬಾಲದ ಅಡ್ಡಫಲಕ ಮಾತ್ರ ಸಪಾಟು. ಅದರ ಎರಡು ತುದಿಗೆ ನಿಲ್ಲುವ ಮೊಟ್ಟೆಯಾಕಾರದ ಫಲಕಗಳು ಅದಕ್ಕೆ ನೆಟ್ಟಗೆ, ಸರಿಯಾಗಿ 90 ಡಿಗ್ರಿಯಲ್ಲಿ ನಿಲ್ಲಬೇಕು. ರಟ್ಟಿನ ಡಬ್ಬಿಯ ಮೂಲೆಯೊಂದನ್ನು ಒರಗಿಸಿ ನೋಡಿದರೆ ವಾಲಿರುವುದು ಗೊತ್ತಾಗುತ್ತದೆ. ಎದುರಿನಿಂದ ಒಮ್ಮೆ, ಹಿಂದಿನಿಂದ ಒಮ್ಮೆ ನೋಡಿ: ಅಡ್ಡಫಲಕ ರೆಕ್ಕೆಯ ಜೊತೆ ಓರೆಯಾಗಿದೆಯಾ? ಅಂಟು ಹಸಿಯಿರುವ ಹತ್ತು ನಿಮಿಷದಲ್ಲಿ ತಿದ್ದಿದರೆ ತಿದ್ದಿದಿರಿ, ಆಮೇಲೆ ಇಲ್ಲ.

ಇಂಜಿನ್ ಗೂಡುಗಳನ್ನು ಗಮನಿಸಿ. ಅವುಗಳ ಬಾಯಿ ದುಂಡಗಿಲ್ಲ, ಅಡ್ಡಕ್ಕೆ ಚಪ್ಪಟೆ. ಎರಡು ಪಕ್ಕದಲ್ಲಿ ಗಾಳಿ ಹೋಗುವ ಬಾಯಿಗಳಿರುವುದರಿಂದ ಹಾಗಿದೆ. ಒಳಗಿರುವುದು 14 ಸಿಲಿಂಡರಿನ ಪ್ರಾಟ್ ಆಂಡ್ ವಿಟ್ನಿ ಇಂಜಿನ್. ಅದಕ್ಕೆ ಕಪ್ಪು ಹೊಡೆದು, ಒಣಗಿದ ಬ್ರಷ್‌ನಲ್ಲಿ ಬೆಳ್ಳಿ ಸವರಿದರೆ ಸಿಲಿಂಡರಿನ ರೆಕ್ಕೆಗಳು ಎದ್ದು ಕಾಣುತ್ತವೆ. ಗೂಡು ಮುಚ್ಚುವ ಮೊದಲೇ ಮಾಡಿ.

ಹಂತ 7: ಜೋಡಣೆಯ ಗೆರೆ ಅಳಿಸುವುದು

ಬಾಂಬರ್ ಚೆನ್ನಾಗಿ ಬರುವುದೂ ಕೆಡುವುದೂ ಇಲ್ಲೇ. ಇಡೀ ಕೆಲಸದ ಮೂರನೇ ಒಂದು ಪಾಲು ಸಮಯ ಇದಕ್ಕೇ ಇಡಿ.

ಪ್ಲಾಸ್ಟಿಕ್ ಉಬ್ಬಿದ ಎಳೆಯನ್ನು ಮೊದಲು ಕಟರ್ ಅಂಚಿನಿಂದ ಹೆರೆಯಿರಿ. ಆಮೇಲೆ 400 ಪೇಪರನ್ನು ರಬ್ಬರ್ ತುಂಡಿಗೆ ಸುತ್ತಿ, ನೀರು ಹಾಕಿಕೊಂಡು, ದೇಹದ ದುಂಡನ್ನು ಅನುಸರಿಸಿ ಉಜ್ಜಿ. ಒಂದೇ ಕಡೆ ಉಜ್ಜಿದರೆ ದುಂಡು ಬೆನ್ನು ಚಪ್ಪಟೆಯಾಗುತ್ತದೆ. 600, 1000, 2000 ಹೀಗೆ ಒಂದೊಂದಾಗಿ ಏರಿ. ನಡುವೆ ಒಂದು ನಂಬರ್ ಬಿಟ್ಟರೆ ಹಿಂದಿನ ಪೇಪರಿನ ಗೀರುಗಳು ಬೆಳ್ಳಿಯಲ್ಲಿ ಕಾಣಿಸಿಕೊಳ್ಳುತ್ತವೆ. ನೀರು ಹಾಕಿ ಉಜ್ಜುವುದರಿಂದ ಪ್ಲಾಸ್ಟಿಕ್ ಪುಡಿ ಮೂಗಿಗೂ ಹೋಗುವುದಿಲ್ಲ.

ಸಂದು ಉಳಿದ ಕಡೆ, ಮುಖ್ಯವಾಗಿ ರೆಕ್ಕೆ ದೇಹಕ್ಕೆ ಸೇರುವ ಬುಡದಲ್ಲಿ, ತುಂಬಲು ಏನಾದರೂ ಬೇಕು. ಮಾಡೆಲ್ ಪುಟ್ಟಿ ಬಳಸಿದರೆ ಒಂದು ರಾತ್ರಿ ಬಿಡಿ, ಅದು ಒಣಗುತ್ತಾ ಕುಗ್ಗುತ್ತದೆ. ಆತುರಪಟ್ಟು ಅವತ್ತೇ ಉಜ್ಜಿದರೆ ಮರುವಾರ ಅದೇ ಜಾಗದಲ್ಲಿ ಮತ್ತೆ ಗುಳಿ ಬಿದ್ದಿರುತ್ತದೆ. ಬೆಳ್ಳಿ ಮೈಗೆ ನನಗೆ ಹಿಡಿಸಿದ್ದು ಸೂಪರ್ ಗ್ಲೂಗೆ ಸ್ವಲ್ಪ ಟಾಲ್ಕಮ್ ಪೌಡರ್ ಕಲಸಿ ಹಲ್ಲುಕಡ್ಡಿಯಿಂದ ತುಂಬುವುದು. ಇದು ಕುಗ್ಗುವುದಿಲ್ಲ. ಆದರೆ ಒಂದು ಗಂಟೆಯೊಳಗೆ ಉಜ್ಜಿಬಿಡಬೇಕು. ಮರುದಿನಕ್ಕೆ ಬಿಟ್ಟರೆ ಸುತ್ತಲಿನ ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗುತ್ತದೆ, ಉಜ್ಜಿದಾಗ ಪ್ಲಾಸ್ಟಿಕ್ ಸವೆದು ಇದು ದಿಣ್ಣೆಯಂತೆ ಉಳಿಯುತ್ತದೆ.

ಉಜ್ಜುವಾಗ ಅಳಿಸಿಹೋದ ಮೈಗೆರೆಗಳನ್ನು ಮತ್ತೆ ಕೊರೆಯಬೇಕು. ದಪ್ಪ ಟೇಪನ್ನು ಪಟ್ಟಿಯಂತೆ ಅಂಟಿಸಿ, ಅದರ ಅಂಚಿಗೆ ದಪ್ಪ ಸೂಜಿಯನ್ನು ಒರಗಿಸಿ ಹಗುರಾಗಿ ಏಳೆಂಟು ಸಲ ಎಳೆಯಿರಿ. ಒಮ್ಮೆಗೇ ಒತ್ತಿದರೆ ಸೂಜಿ ಜಾರುತ್ತದೆ.

ಆಯ್ತು ಅನ್ನಿಸಿದಾಗ ಜೋಡಣೆಯ ಮೇಲೆ ಮಾತ್ರ ಒಂದು ಗೆರೆ ಬೆಳ್ಳಿ ಬಣ್ಣ ಬ್ರಷ್‌ನಲ್ಲಿ ಎಳೆಯಿರಿ. ಕಣ್ಣಿಗೆ ಕಾಣದ್ದನ್ನೂ ಅದು ತೋರಿಸುತ್ತದೆ. ಕಂಡರೆ ಮತ್ತೆ ತುಂಬಿ, ಮತ್ತೆ ಉಜ್ಜಿ. ನನಗೆ ಸಾಮಾನ್ಯವಾಗಿ ಮೂರು ಸುತ್ತು ಬೇಕಾಗುತ್ತದೆ.

ಹಂತ 8: ಗಾಜು

ಕಾಕ್‌ಪಿಟ್ ಕಿಟಕಿ, ಟರೆಟ್ ಇವೆಲ್ಲ ಪಾರದರ್ಶಕ ಪ್ಲಾಸ್ಟಿಕ್. ಇಲ್ಲಿ ಸೂಪರ್ ಗ್ಲೂ ಹಾಕಬೇಡಿ. ಅದರ ಆವಿ ತಾಗಿ ಗಾಜು ಒಳಗಿನಿಂದ ಬೆಳ್ಳಗೆ ಮಂಜು ಹಿಡಿಯುತ್ತದೆ, ಮುಚ್ಚಿದ ಮೇಲೆ ಒರೆಸಲು ಆಗುವುದಿಲ್ಲ. ಫೆವಿಕಾಲ್‌ಗೆ ಒಂದು ಹನಿ ನೀರು ಸೇರಿಸಿ ಹಲ್ಲುಕಡ್ಡಿಯಿಂದ ಅಂಚಿಗೆ ಸವರಿ ಕೂರಿಸಿ. ಹೆಚ್ಚಾದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಬಹುದು.

ಟರೆಟ್‌ಗಳನ್ನು ಕೊನೆಗೆ ಕೂರಿಸಿ. ಈಗ ಕಾಕ್‌ಪಿಟ್ ಗಾಜು ಮಾತ್ರ ಸಾಕು. ಅದರ ಪ್ರತಿ ಹಲಗೆಗೂ ಮಾಸ್ಕಿಂಗ್ ಟೇಪಿನ ತುಂಡು ಅಂಟಿಸಿ, ಚೌಕಟ್ಟಿನ ಗೆರೆಯುದ್ದಕ್ಕೂ ಹೊಸ ಬ್ಲೇಡ್‌ನಿಂದ ಕತ್ತರಿಸಿ ತೆಗೆಯಿರಿ. ಕೆಲವು ಕಿಟ್‌ಗಳಿಗೆ ಮೊದಲೇ ಕತ್ತರಿಸಿದ ಮಾಸ್ಕ್ ಬೇರೆಯಾಗಿ ಸಿಗುತ್ತದೆ. ಬೆಲೆ ಹೆಚ್ಚಾದರೂ ಲಿಬರೇಟರ್‌ನಷ್ಟು ಕಿಟಕಿ ಇರುವ ವಿಮಾನಕ್ಕೆ ಕೊಳ್ಳಿ ಅಂತಲೇ ಹೇಳುತ್ತೇನೆ.

ಹಂತ 9: ಬೆಳ್ಳಿ ಬಣ್ಣ

ಮಳೆಗಾಲದಲ್ಲಿ ಈ ಹಂತ ಮಾಡಬೇಡಿ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಲ್ಯಾಕರ್ ಪೇಂಟ್ ಒಣಗುವಾಗ ನೀರಿನ ಹನಿ ಹಿಡಿದು ಬಿಳಿ ಪೊರೆ ಕಟ್ಟುತ್ತದೆ. ಮಂಗಳೂರು, ಉಡುಪಿ, ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟುವ ಕೆಲಸ ಮಾಡಿ, ಬಣ್ಣವನ್ನು ಚಳಿಗಾಲದ ಒಣ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.

ಮೊದಲು ಬೂದು ಪ್ರೈಮರ್, ಅಂದರೆ ಬಣ್ಣ ಹಿಡಿಯಲು ಹೊಡೆಯುವ ತಳಬಣ್ಣ. ಕಾರಿನ ಪ್ರೈಮರ್ ಅಗ್ಗ ಅಂತ ತರುವವರು ಸ್ಪ್ರೂ ತುಂಡಿನ ಮೇಲೆ ಹೊಡೆದು ಒಂದು ದಿನ ನೋಡಿ. ಕೆಲವು ಪ್ಲಾಸ್ಟಿಕ್ಕನ್ನೇ ತಿನ್ನುತ್ತವೆ. ಪ್ರೈಮರ್ ಒಣಗಿದ ಮೇಲೆ ಬಲ್ಬಿನ ಬೆಳಕು ಓರೆಯಾಗಿ ಬೀಳುವಂತೆ ಹಿಡಿದು ಪ್ರತಿ ಜೋಡಣೆ ನೋಡಿ. ತಪ್ಪು ಕಂಡರೆ ಹಂತ 7ಕ್ಕೆ ಹಿಂದಿರುಗಿ. ಇದೇ ಕೊನೆಯ ಅವಕಾಶ.

ಏರ್‌ಬ್ರಷ್ ಇರುವವರು ಹೊಳೆಯುವ ಕಪ್ಪು ಬಣ್ಣವನ್ನು ಮೈಯೆಲ್ಲ ಹೊಡೆದು, ಎರಡು ದಿನ ಒಣಗಿಸಿ. ಏರ್‌ಬ್ರಷ್ ಅಂದರೆ ಕಂಪ್ರೆಸರ್ ಗಾಳಿಯಿಂದ ಬಣ್ಣವನ್ನು ಮಂಜಿನಂತೆ ಹೊಡೆಯುವ ಪೆನ್ನು. ಕಪ್ಪು ಕನ್ನಡಿಯಷ್ಟು ನುಣುಪಾದಷ್ಟೂ ಮೇಲಿನ ಬೆಳ್ಳಿ ಲೋಹದಂತೆ ಕಾಣುತ್ತದೆ. ಅದರ ಮೇಲೆ ಆಲ್‌ಕ್ಲಾಡ್ ತರಹದ ಅಲ್ಯೂಮಿನಿಯಂ ಲ್ಯಾಕರ್ ತೆಳುವಾಗಿ ಎರಡು ಮೂರು ಪದರ. ದಪ್ಪ ಹೊಡೆದರೆ ಹೊಳಪು ಸತ್ತು ಬೂದಿಯಂತಾಗುತ್ತದೆ.

ಏರ್‌ಬ್ರಷ್ ಇಲ್ಲದವರಿಗೆ ಟಮಿಯಾದ ಎಎಸ್-12 ಸ್ಪ್ರೇ ಡಬ್ಬಿ ಇದೆ. ಪ್ರೈಮರ್ ಮೇಲೆ ನೇರ ಹೊಡೆಯಬಹುದು. ಡಬ್ಬಿಯನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ನಿಲ್ಲಿಸಿದರೆ ಸ್ಪ್ರೇ ನುಣ್ಣಗೆ ಬರುತ್ತದೆ. ಒಲೆಯ ಹತ್ತಿರ, ಕುದಿಯುವ ನೀರಿಗೆ ಖಂಡಿತ ಬೇಡ, ಡಬ್ಬಿ ಸಿಡಿಯುತ್ತದೆ. ಒಂದು ಗೇಣು ದೂರದಿಂದ, ವಿಮಾನದ ಹೊರಗೆ ಸ್ಪ್ರೇ ಶುರು ಮಾಡಿ, ವಿಮಾನ ದಾಟಿದ ಮೇಲೆ ಬೆರಳು ಎತ್ತಿ.

ಬರೀ ಬ್ರಷ್ ಇರುವವರು ಬೆಳ್ಳಿ ಹೊಡೆಯಲು ಹೋಗಬೇಡಿ, ಬ್ರಷ್ ಗೆರೆ ಉಳಿಯುತ್ತದೆ. ಅಂಥವರು ಮೇಲೆ ಮಾಸಲು ಹಸಿರು, ಕೆಳಗೆ ಬೂದು ಬಣ್ಣದ ಅಮೆರಿಕನ್ ಬಿ-24 ಕಟ್ಟಿ. ಯುದ್ಧಕಾಲದಲ್ಲಿ ಬಂಗಾಳದ ಪಾಂಡವೇಶ್ವರದಿಂದ ಅಮೆರಿಕದ 7ನೇ ಬಾಂಬ್ ಗ್ರೂಪ್ ಹಾರಿಸಿದ್ದೂ ಲಿಬರೇಟರ್‌ಗಳನ್ನೇ.

ನಿಜವಾದ ವಿಮಾನದಲ್ಲಿ ಎಲ್ಲ ತಗಡೂ ಒಂದೇ ಬಣ್ಣ ಇರುವುದಿಲ್ಲ. ಐದಾರು ತಗಡುಗಳನ್ನು ಟೇಪ್‌ನಿಂದ ಬೇರ್ಪಡಿಸಿ, ಸ್ವಲ್ಪ ಗಾಢ ಬೆಳ್ಳಿ ಹೊಡೆಯಿರಿ. ಟೇಪನ್ನು ಮೊದಲು ಅಂಗೈಗೆ ಎರಡು ಸಲ ಅಂಟಿಸಿ ಕಿತ್ತು, ಜಿಗುಟು ಕಡಿಮೆ ಮಾಡಿಕೊಳ್ಳಿ. ಇಲ್ಲದಿದ್ದರೆ ಟೇಪಿನ ಜೊತೆ ಬೆಳ್ಳಿಯೂ ಎದ್ದು ಬರುತ್ತದೆ. ಕಾಕ್‌ಪಿಟ್ ಮುಂದಿನ ಮೂಗಿನ ಮೇಲ್ಭಾಗ ಹೊಳಪಿಲ್ಲದ ಗಾಢ ಬಣ್ಣದ್ದು. ಪೈಲಟ್ ಕಣ್ಣಿಗೆ ಬಿಸಿಲು ಹೊಡೆಯದಿರಲಿ ಅಂತ ಹಾಗೆ ಮಾಡುತ್ತಿದ್ದರು. ಇನ್ನು ಮುಂದೆ ಹತ್ತಿ ಕೈಗವಸು ಹಾಕಿಕೊಂಡೇ ಮುಟ್ಟಿ, ಬೆವರಿದ ಬೆರಳು ಕಲೆ ಮಾಡುತ್ತದೆ.

ಹಂತ 10: ಡೆಕಾಲ್

ಡೆಕಾಲ್ ಅಂದರೆ ನೀರಿನಲ್ಲಿ ನೆನೆಸಿ ಜಾರಿಸಿ ಅಂಟಿಸುವ ತೆಳು ಚಿತ್ರ. ಡಬ್ಬಿಯಲ್ಲಿ ಬರುವುದು ಬಹುಪಾಲು ಅಮೆರಿಕನ್ ಗುರುತುಗಳು. ಭಾರತೀಯ ಗುರುತುಗಳ ಹಾಳೆ ಬೇರೆ ತರಿಸಬೇಕು. 1950ರಿಂದ ಈಚಿನ ವಾಯುಪಡೆಯ ವೃತ್ತದಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಅದಕ್ಕಿಂತ ಮೊದಲಿನ ದಿನಗಳ ವಿಮಾನ ಕಟ್ಟುವವರು ಫೋಟೋ ನೋಡದೆ ಈ ವೃತ್ತ ಹಾಕಬೇಡಿ. ಬಾಲದ ಪಟ್ಟಿಯಲ್ಲಿ ಯಾವ ಬಣ್ಣ ಮುಂದೆ ಅನ್ನುವುದನ್ನೂ ಫೋಟೋದಲ್ಲೇ ನೋಡಿ. ಎಡ ಬಲ ತಿರುಗಿಸಿ ಅಂಟಿಸುವ ತಪ್ಪು ಸಾಮಾನ್ಯ. ಮನೆಯ ಪ್ರಿಂಟರಿನಲ್ಲಿ ಡೆಕಾಲ್ ಮಾಡುವವರು ನೆನಪಿಡಿ, ಪ್ರಿಂಟರ್ ಬಿಳಿಯನ್ನು ಅಚ್ಚು ಹಾಕುವುದಿಲ್ಲ. ಬಿಳಿ ತಳದ ಡೆಕಾಲ್ ಪೇಪರ್ ಬೇಕು.

ಉಗುರು ಬೆಚ್ಚಗಿನ ನೀರಿನಲ್ಲಿ ಕೆಲವು ಸೆಕೆಂಡ್ ಅದ್ದಿ ತೆಗೆದು, ಒಂದು ನಿಮಿಷ ಬಿಟ್ಟು, ಒದ್ದೆ ಮಾಡಿದ ಜಾಗಕ್ಕೆ ಜಾರಿಸಿ. ಒದ್ದೆ ಬ್ರಷ್‌ನಿಂದ ನಡುವಿನಿಂದ ಹೊರಗೆ ಒತ್ತಿ ಗಾಳಿ ತೆಗೆಯಿರಿ. ಕೆಳಗೆ ಗಾಳಿ ಉಳಿದರೆ ಡೆಕಾಲ್ ಮಬ್ಬಾಗಿ ಹೊಳೆಯುತ್ತದೆ. ಅಂಥ ಜಾಗವನ್ನು ಸೂಜಿಯಿಂದ ಚುಚ್ಚಿ, ಡೆಕಾಲ್ ಮೆತ್ತಗೆ ಮಾಡುವ ಸೆಟ್ಟಿಂಗ್ ದ್ರವ ಒಂದು ಹನಿ ಬಿಡಿ. ದ್ರವ ತಾಗಿದ ಡೆಕಾಲ್ ಮೊದಲು ಸುಕ್ಕಾಗುತ್ತದೆ. ಗಾಬರಿಯಾಗಿ ಮುಟ್ಟಬೇಡಿ, ತಾನೇ ಚಪ್ಪಟೆಯಾಗುತ್ತದೆ.

ಹಂತ 11: ಉಳಿದ ಸಣ್ಣ ಭಾಗಗಳು

ಚಕ್ರ, ಟರೆಟ್, ಪ್ರೊಪೆಲರ್, ಬಂದೂಕು, ಆಂಟೆನಾ ಎಲ್ಲ ಈಗ. ಮೊದಲೇ ಕೂರಿಸಿದರೆ ಬಣ್ಣ ಹೊಡೆಯುವಾಗ ಮುರಿಯುತ್ತವೆ. ಪ್ರೊಪೆಲರ್ ರೆಕ್ಕೆಗಳು ಕಪ್ಪು, ತುದಿ ಹಳದಿ. ಹಳದಿಯನ್ನು ಮೊದಲು ಹೊಡೆದು, ತುದಿಗೆ ಟೇಪ್ ಸುತ್ತಿ, ಆಮೇಲೆ ಕಪ್ಪು ಹೊಡೆದರೆ ಚೊಕ್ಕ ಬರುತ್ತದೆ. ಪ್ರತಿ ಇಂಜಿನ್ ಗೂಡಿನ ಕೆಳಗೆ ದುಂಡಗೆ ಕಾಣುವುದು ಟರ್ಬೊ ಸೂಪರ್‌ಚಾರ್ಜರ್. ಬಿಸಿ ಹೊಗೆಯಿಂದ ಬೆಂದು ಅದು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಬೆಳ್ಳಿ ಬಿಡಬೇಡಿ.

ಚಕ್ರದ ಕಾಲುಗಳಿಗೆ ಮೂಗಿನ ಬೇರಿಂಗ್‌ಗಳ ಭಾರವನ್ನೂ ಹೊರಬೇಕಾದ ಕೆಲಸ ಇದೆ. ಸಿಮೆಂಟ್ ಹಾಕಿ ಕೂರಿಸಿ, ವಿಮಾನವನ್ನು ತಲೆಕೆಳಗಾಗಿ ಸ್ಪಂಜಿನ ಮೇಲೆ ಒಂದು ಪೂರ್ತಿ ದಿನ ಬಿಡಿ. ಅಂಟು ಹಸಿಯಿರುವಾಗ ನಿಲ್ಲಿಸಿದರೆ ಕಾಲು ಅಗಲವಾಗಿ ಚಾಚಿಕೊಂಡು ಹಾಗೇ ಒಣಗುತ್ತದೆ.

ಆಂಟೆನಾ ತಂತಿಗೆ ಸ್ಪ್ರೂ ಕಡ್ಡಿಯೊಂದನ್ನು ಮೇಣದಬತ್ತಿಯ ಜ್ವಾಲೆಯಿಂದ ಎರಡು ಬೆರಳು ಮೇಲೆ ಹಿಡಿದು, ಮೆತ್ತಗಾದ ಕೂಡಲೇ ಜ್ವಾಲೆಯಿಂದ ಹೊರತಂದು ಎರಡು ಕಡೆ ಎಳೆಯಿರಿ. ಕೂದಲಿನಂಥ ಎಳೆ ಬರುತ್ತದೆ. ಥಿನ್ನರ್, ಸಿಮೆಂಟ್ ಬಾಟಲಿಗಳು ಆಗ ಬೇರೆ ಕೋಣೆಯಲ್ಲಿರಲಿ.

ಕೊನೆಗೆ ಕಾಕ್‌ಪಿಟ್‌ನ ಟೇಪ್ ತುಂಡುಗಳನ್ನು ಹಲ್ಲುಕಡ್ಡಿಯಿಂದ ಎತ್ತಿ ತೆಗೆಯಿರಿ. ಕಿಟಕಿಯ ನೇರ ಬಿಸಿಲು ಬೀಳದ, ಗಾಜಿನ ಬಾಗಿಲಿರುವ ಶೆಲ್ಫ್‌ನಲ್ಲಿ ಇಡಿ. ಬಿಸಿಲಿಗೆ ಡೆಕಾಲ್ ಹಳದಿಯಾಗುತ್ತದೆ, ಪ್ಲಾಸ್ಟಿಕ್ ಬಾಗುತ್ತದೆ. ತಿಂಗಳಿಗೊಮ್ಮೆ ಮೆತ್ತನೆಯ ಮೇಕಪ್ ಬ್ರಷ್‌ನಿಂದ ಮೂಗಿನಿಂದ ಬಾಲದ ಕಡೆಗೆ ಧೂಳು ತೆಗೆದರೆ ಸಾಕು. ಆಂಟೆನಾ ತಂತಿಯ ಹತ್ತಿರ ಮಾತ್ರ ಬಾಯಿಂದ ಊದಿ.